ಸೊಂಟನೋವು ಬಿಟ್ಟಿಲ್ಲ, ಬೈಕ್ ಬಿಡಬೇಕೇ?

ಪ್ರಶ್ನೆ: ನನಗೆ 44 ವರ್ಷ. ಆರು ವರ್ಷದಿಂದ ಸೊಂಟನೋವಿದೆ. ಎಲ್‌4–ಎಲ್‌5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸ್ವಲ್ಪ ಉಬ್ಬಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ನೋವು ಕಾಲಿಗೆ ಇಳಿಯುವುದಿಲ್ಲ, ಜೋಮೂ ಇಲ್ಲ. ಬೈಕ್ ಮೇಲೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಇಳಿದ ಮೇಲೆ ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕು. ಆರಾಮವಾಗಿರಲಿ ಎಂದು ಕಾಲು ಮುಂದೆ ಚಾಚಿ ಕೂರುವ ಕ್ರೂಸರ್ ತೆಗೆದುಕೊಂಡೆ, ಸೀಟಿಗೆ ಮೆತ್ತನೆಯ ಜೆಲ್ ಕುಶನ್ ಹಾಕಿಸಿದೆ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೇನೆ. ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಮನೆಯವರು ಬೈಕ್ ಮಾರಿಬಿಡಿ ಎನ್ನುತ್ತಿದ್ದಾರೆ. ಬಿಡಲೇಬೇಕೇ? ಅಥವಾ ಸ್ಕೂಟರ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ?

ಉತ್ತರ: ನೀವು ಬರೆದಿರುವುದರಲ್ಲಿ ಬೈಕ್ ಬಿಡಲೇಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಆದರೆ ಆರಾಮಕ್ಕೆಂದು ಮಾಡಿಕೊಂಡ ಮೂರು ಬದಲಾವಣೆಗಳಲ್ಲಿ ಎರಡು, ಅಂದರೆ ಕ್ರೂಸರ್ ಮತ್ತು ಮೆತ್ತನೆಯ ಕುಶನ್, ನಿಮ್ಮ ಬೆನ್ನಿಗೆ ಎದುರಾಗಿಯೇ ಕೆಲಸ ಮಾಡುತ್ತಿರುವಂತಿದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ ಖಚಿತವಾಗಬೇಕು.

ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಮೇಲಿನ ಹಿಡಿತ ತಪ್ಪಿದರೆ, ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಎರಡೂ ಕಾಲುಗಳ ಬಲ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣ ಅದು. ಅಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಹಿಂದೆ ಕ್ಯಾನ್ಸರ್ ಬಂದು ಹೋಗಿರುವುದು, ಬಿದ್ದ ಮೇಲೆ ಶುರುವಾದ ನೋವು, ಇವುಗಳಿದ್ದರೂ ಮೊದಲು ವೈದ್ಯರು, ಆಮೇಲೆ ಬೈಕ್. ಸವಾರರಿಗೆ ನಾನು ಇನ್ನೊಂದು ಪರೀಕ್ಷೆ ಮಾಡಿಸುತ್ತೇನೆ: ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಯಿರಿ. ಒಂದು ಪಾದ ಸೋಲುತ್ತಿದೆ ಅನಿಸಿದರೆ ಗೇರ್ ಹಾಕುವ, ಹಿಂದಿನ ಬ್ರೇಕ್ ಒತ್ತುವ ಬಲವೇ ಅನುಮಾನ. ಕಾರಣ ತಿಳಿಯುವವರೆಗೆ ಓಡಿಸಬೇಡಿ.

ಇವು ಯಾವುವೂ ಇಲ್ಲವೆಂದಾದರೆ ಆ ಎಂಆರ್‌ಐ ವರದಿಯ ಭಯವನ್ನು ಸ್ವಲ್ಪ ಇಳಿಸಿಕೊಳ್ಳಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಸುಮಾರು ಶೇ. 30 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ಎಂಬತ್ತರ ಹೊತ್ತಿಗೆ ಅದು ಶೇ. 84. ಅಂದರೆ ಉಬ್ಬಿದ ಡಿಸ್ಕ್ ಇದೆ ಎಂಬ ಒಂದೇ ಕಾರಣಕ್ಕೆ ಏನನ್ನೂ ಬಿಡಬೇಕಾಗಿಲ್ಲ. ಯಾವ ಭಂಗಿಯಲ್ಲಿ, ಎಷ್ಟು ಹೊತ್ತಿಗೆ, ಎಲ್ಲಿ ನೋವು ಬರುತ್ತದೆ ಎನ್ನುವುದು ವರದಿಗಿಂತ ಹೆಚ್ಚು ಹೇಳುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ಮಾತು: ಕೂತರೆ ನೋವು, ಇಳಿದ ಮೇಲೆ ನೆಟ್ಟಗಾಗಲು ಕಷ್ಟ.

ಬೈಕ್ ಮೇಲೆ ಆಗುವುದೇನು ನೋಡಿ. ನಿಂತಾಗ ಸೊಂಟದ ಭಾಗದಲ್ಲಿ ಬೆನ್ನೆಲುಬು ಒಳಮುಖವಾಗಿ ಸ್ವಲ್ಪ ಬಾಗಿರುತ್ತದೆ. ಕೂತ ಕೂಡಲೇ ಪೆಲ್ವಿಸ್, ಅಂದರೆ ಬೆನ್ನೆಲುಬಿಗೆ ಅಡಿಪಾಯವಾದ ಮೂಳೆ, ಹಿಂದಕ್ಕೆ ಉರುಳುತ್ತದೆ. ಆ ಬಾಗು ಚಪ್ಪಟೆಯಾಗುತ್ತದೆ. ಮಂಡಿ ಎಷ್ಟು ಮೇಲಕ್ಕೆ, ಎಷ್ಟು ಮುಂದಕ್ಕೆ ಹೋಗುತ್ತದೋ ಅಷ್ಟು ಹೆಚ್ಚು ಉರುಳುತ್ತದೆ. ಬಾಗು ಕಳೆದುಕೊಂಡ ಬೆನ್ನಿನಲ್ಲಿ ಡಿಸ್ಕಿನ ಮುಂಭಾಗದ ಮೇಲೆ ಒತ್ತಡ, ಹಿಂಭಾಗದ ಅಸ್ಥಿರಜ್ಜುಗಳ, ಅಂದರೆ ಮೂಳೆಗಳನ್ನು ಕಟ್ಟಿಹಿಡಿದ ಪಟ್ಟಿಗಳ, ಮೇಲೆ ಎಳೆತ. ಬರೀ ಕುರ್ಚಿಯಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಇಲ್ಲಿ ಕೆಳಗಿನಿಂದ ರಸ್ತೆಯೂ ಗುದ್ದುತ್ತಿರುತ್ತದೆ.

ಆ ಗುದ್ದುಗಳಲ್ಲೂ ಎರಡು ಬಗೆ. ಎಂಜಿನ್ನಿನ ನಡುಕದಿಂದ ನಿಮ್ಮ ಸೊಂಟಕ್ಕೆ ಆಗುವ ತೊಂದರೆ ಕಡಿಮೆ. 3,000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 50 ಸಲ ನಡುಗುತ್ತದೆ. ಅಷ್ಟು ಚುರುಕಾದ ಕಂಪನವನ್ನು ಸೀಟು ಮತ್ತು ಮಾಂಸಖಂಡ ನುಂಗಿಬಿಡುತ್ತವೆ, ಅಂಗೈ ಜೋಮು ಹಿಡಿಯುವುದು ಮಾತ್ರ ಉಳಿಯುತ್ತದೆ. ಬೆನ್ನಿಗೆ ಕೆಟ್ಟದ್ದು ನಿಧಾನದ ಕುಲುಕಾಟ. ಕೂತ ಮನುಷ್ಯನ ಮುಂಡ ಸೆಕೆಂಡಿಗೆ ಸುಮಾರು 4ರಿಂದ 8 ಸಲ ಮೇಲೆ ಕೆಳಗೆ ಆಡುವ ಕಂಪನಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ. ದೇಹಕ್ಕೆ ತಟ್ಟುವ ಕಂಪನವನ್ನು ಅಳೆಯುವ ಐಎಸ್‌ಒ 2631 ಮಾನದಂಡ ಹೆಚ್ಚು ತೂಕ ಕೊಡುವುದೂ ಈ ವ್ಯಾಪ್ತಿಯ ಕಂಪನಕ್ಕೇ. ಕಿತ್ತುಹೋದ ಡಾಂಬರು, ತೇಪೆ ಹಾಕಿದ ರಸ್ತೆ, ಸಾಲು ಹಂಪುಗಳು ಕೊಡುವ ಕುಲುಕಾಟ ಬಹುಪಾಲು ಇದೇ ಆಸುಪಾಸಿನದು. ಅದನ್ನು ತಡೆಯಲು ಬೆನ್ನಿನ ಸ್ನಾಯುಗಳು ಒಂದೇ ಸಮನೆ ಬಿಗಿಹಿಡಿಯುತ್ತವೆ, ಅರ್ಧ ಗಂಟೆಯಲ್ಲಿ ದಣಿಯುತ್ತವೆ. ನೀವು ಹೇಳುವ 'ಹಿಡಿದುಕೊಳ್ಳುವುದು' ಹೆಚ್ಚಿನಂಶ ಇದೇ.

ಹಾಗಾಗಿ ಇಡೀ ಉತ್ತರದಲ್ಲಿ ನಾನು ಮತ್ತೆ ಮತ್ತೆ ಹೇಳಬೇಕಾದ್ದು ಒಂದೇ: ಗುದ್ದು ಸೀಟಿನಿಂದ ನೇರ ಬೆನ್ನೆಲುಬಿಗೆ ಹೋಗಬಾರದು, ಕಾಲು ಅದನ್ನು ಅರ್ಧದಾರಿಯಲ್ಲೇ ಹಿಡಿಯಬೇಕು. ಸವಾರನ ಬಳಿ ಇರುವ ಅತ್ಯುತ್ತಮ ಶಾಕ್ ಅಬ್ಸಾರ್ಬರ್ ಅವನ ಮಂಡಿ ಮತ್ತು ತೊಡೆ.

ಈಗ ಕ್ರೂಸರ್ ಏಕೆ ನಿಮ್ಮ ಕೈಹಿಡಿಯಲಿಲ್ಲ ಎನ್ನುವುದು ತಿಳಿಯುತ್ತದೆ. ಫುಟ್‌ರೆಸ್ಟ್ ಮುಂದಿದ್ದರೆ ಕಾಲು ಚಾಚಿಕೊಂಡಿರುತ್ತದೆ, ಪೆಲ್ವಿಸ್ ಹಿಂದಕ್ಕೆ ಉರುಳುತ್ತದೆ, ದೇಹದ ಹೆಚ್ಚುಕಡಿಮೆ ಪೂರ್ತಿ ಭಾರ ಬಾಲಮೂಳೆಯ ಆಸುಪಾಸಿನಲ್ಲಿ ಕೂತುಬಿಡುತ್ತದೆ. ಗುಂಡಿ ಬಂದಾಗ ಏಳೋಣವೆಂದರೆ ಪಾದ ದೇಹದ ಕೆಳಗಿಲ್ಲ. ಹ್ಯಾಂಡಲ್ ಎಳೆದುಕೊಂಡು ಏಳಬೇಕು. ಅಂಗಡಿಯಲ್ಲಿ ಐದು ನಿಮಿಷ ಕೂತಾಗ ಸೋಫಾದಷ್ಟು ಹಿತವಾಗಿರುವುದು ರಸ್ತೆಯಲ್ಲಿ ಅರ್ಧ ಗಂಟೆಯಾಗುವಷ್ಟರಲ್ಲಿ ಶಿಕ್ಷೆಯಾಗುವುದು ಇದಕ್ಕೇ. ಎಷ್ಟೋ ಕ್ರೂಸರ್‌ಗಳಲ್ಲಿ ಹಿಂದಿನ ಚಕ್ರದ ಸಸ್ಪೆನ್ಷನ್ ಓಡಾಟವೂ, ಅಂದರೆ ಚಕ್ರ ಮೇಲೆ ಕೆಳಗೆ ಆಡಬಲ್ಲ ದೂರವೂ, ಕಡಿಮೆ. ಸ್ಕೂಟರ್ ಕೂಡ ಇದೇ ಮನೆತನದ್ದು: ಪಾದ ಮುಂದೆ ಸಪಾಟು ನೆಲದ ಮೇಲೆ, ಏಳಲು ಆಧಾರ ಕಡಿಮೆ, ಚಿಕ್ಕ ಚಕ್ರ ಪ್ರತಿ ಗುಂಡಿಯೊಳಗೂ ಇಳಿದು ಏಳುತ್ತದೆ, ಬಹಳಷ್ಟು ಸ್ಕೂಟರ್‌ಗಳಲ್ಲಿ ಎಂಜಿನ್ನಿನ ಭಾರವೇ ಹಿಂದಿನ ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ. ಸ್ಕೂಟರ್ ಹತ್ತಿ ಇಳಿಯಲು ಸುಲಭ, ನುಣುಪು ರಸ್ತೆಯಲ್ಲಿ ಹತ್ತು ನಿಮಿಷಕ್ಕೆ ತೊಂದರೆಯಿಲ್ಲ. ನಿಮ್ಮ ಬಗೆಯ ನೋವಿಗೆ ಅದನ್ನು ಪರಿಹಾರವೆಂದು ಹೇಳಲಾರೆ.

ನಿಮ್ಮ ಬಗೆಯ ನೋವು ಎಂದೆ. ಸೊಂಟನೋವಿಗೆ ದಿಕ್ಕಿದೆ. ನಿಮ್ಮಂತೆ ಕೂತಾಗ, ಬಗ್ಗಿದಾಗ ಹೆಚ್ಚಾಗಿ, ನಿಂತು ನಡೆದಾಡಿದರೆ ಹಗುರಾಗುವವರು ಒಂದು ಗುಂಪು. ಇವರಿಗೆ ಪಾದ ಸೊಂಟದ ಕೆಳಗೇ ಇರುವ, ಹ್ಯಾಂಡಲ್ ಸಾಕಷ್ಟು ಎತ್ತರವಿರುವ ಬೈಕ್ ಹಿತ. ನಿಲ್ಲಿಸಿದಾಗಲೆಲ್ಲ ಹಿಂದಕ್ಕೆ ಬಾಗುವುದು ಔಷಧಿ. ಇನ್ನೊಂದು ಗುಂಪಿಗೆ, ಮುಖ್ಯವಾಗಿ ವಯಸ್ಸಾದವರಿಗೆ, ನಿಂತರೆ ನಡೆದರೆ ಕಾಲು ಸೆಳೆಯುತ್ತದೆ, ಕೂತರೆ ಅಥವಾ ಮುಂದೆ ಬಾಗಿದರೆ ಬಿಡುವು ಸಿಗುತ್ತದೆ. ನರದ ದಾರಿ ಕಿರಿದಾದವರ ಲಕ್ಷಣ ಅದು. ಅವರಿಗೆ ಸ್ವಲ್ಪ ಮುಂಬಾಗಿದ ಸವಾರಿ ಒಗ್ಗುತ್ತದೆ, ಹಿಂದಕ್ಕೆ ಬಾಗುವ ವ್ಯಾಯಾಮವೇ ಕೆಡುಕು. ಒಬ್ಬರಿಗೆ ಹೇಳಿದ ಸಲಹೆ ಇನ್ನೊಬ್ಬರ ನೋವು ಹೆಚ್ಚಿಸುವುದು ಇಲ್ಲಿಯೇ. ಖಚಿತವಿಲ್ಲದಿದ್ದರೆ ನೋವು ಸಾಧಾರಣವಾಗಿರುವ ದಿನ ನಿಂತುಕೊಂಡು ನಿಧಾನವಾಗಿ ಏಳೆಂಟು ಸಲ ಹಿಂದಕ್ಕೆ ಬಾಗಿ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಮುಂದಕ್ಕೆ. ಯಾವುದಾದ ಮೇಲೆ ಬೆನ್ನು ಸಡಿಲವಾಯಿತು ಎನ್ನುವುದು ನಿಮಗೇ ಗೊತ್ತಾಗುತ್ತದೆ. ನೋವು ಕಾಲಿನ ಕಡೆ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ.

ಕೂರುವ ಬಗೆಗೆ ಬರೋಣ. ಸೀಟಿನ ಮೇಲೆ ಮೊದಲು ಪೃಷ್ಠವನ್ನು ಸ್ವಲ್ಪ ಹಿಂದಕ್ಕೆ ಒತ್ತಿ ಕೂತು, ಸೊಂಟದಲ್ಲಿ ಗೂನಾಗದೆ ತೊಡೆಸಂದಿಯಲ್ಲಿ ಮಡಿಚಿ ಎದೆಯನ್ನು ಕೊಂಚ ಮುಂದೆ ತನ್ನಿ. ಹತ್ತು ಹದಿನೈದು ಡಿಗ್ರಿ ಸಾಕು. ಪೂರಾ ಲಂಬವಾಗಿ ಕೂತರೆ ಗುದ್ದು ಕಂಬಕ್ಕೆ ಹೊಡೆದಂತೆ ನೇರ ಮೇಲೇರುತ್ತದೆ. ಈ ಸಣ್ಣ ಬಾಗು ಅದನ್ನು ಮುರಿಯುತ್ತದೆ. ಮಂಡಿ ಟ್ಯಾಂಕನ್ನು ಹಗುರವಾಗಿ ಹಿಡಿದಿರಲಿ. ಬ್ರೇಕ್ ಹಾಕುವಾಗ ಮುಂದೆ ಜಾರುವ ಭಾರವನ್ನು ತೊಡೆ ತಡೆಯಲಿ, ತೋಳು ತಡೆಯುವುದು ಬೇಡ. ಮೊಣಕೈ ಸಡಿಲ, ಭುಜ ಕಿವಿಯಿಂದ ದೂರ. ಪಾದದ ಮುಂಭಾಗ ಫುಟ್‌ರೆಸ್ಟ್ ಮೇಲಿರಲಿ. ನಡುಪಾದ ಇಟ್ಟರೆ ಪಾದದ ಗಂಟು ಸ್ಪ್ರಿಂಗ್‌ನಂತೆ ಕೆಲಸ ಮಾಡುವುದಿಲ್ಲ.

ಹಂಪು ದಾಟುವುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಬೆನ್ನು ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ಅಲ್ಲೇ. ಹಂಪಿಗೆ ಸಾಕಷ್ಟು ಮುಂಚೆಯೇ ವೇಗ ಇಳಿಸಿ, ಮುಂದಿನ ಚಕ್ರ ತಾಗುವ ಮೊದಲು ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಹತ್ತಿದರೆ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರದ ಸಸ್ಪೆನ್ಷನ್, ಆಗಲೇ ಕುಗ್ಗಿರುತ್ತದೆ, ಗುದ್ದು ನುಂಗಲು ಅದರಲ್ಲಿ ಜಾಗ ಉಳಿದಿರುವುದಿಲ್ಲ. ಬ್ರೇಕ್ ಬಿಡುತ್ತಿದ್ದಂತೆ ಪಾದಗಳ ಮೇಲೆ ಭಾರ ಹಾಕಿ ಪೃಷ್ಠವನ್ನು ಸೀಟಿನಿಂದ ಎರಡು ಮೂರು ಬೆರಳಷ್ಟು ಎತ್ತಿ. ಎದ್ದು ನಿಲ್ಲಬೇಕಾಗಿಲ್ಲ, ಸೀಟು ಮೈಯಿಂದ ಬಿಟ್ಟರೆ ಸಾಕು. ಮಂಡಿ ಬಾಗಿರಲಿ, ತೊಡೆ ಟ್ಯಾಂಕಿಗೆ ತಾಗಿರಲಿ, ಹ್ಯಾಂಡಲ್ ಮೇಲೆ ಭಾರ ಬೇಡ. ಮುಂದಿನ ಚಕ್ರ ಇಳಿದ ಕೂಡಲೇ ಕೂರುವ ಅಭ್ಯಾಸ ತುಂಬ ಜನರಿಗಿದೆ. ಜೋರಾದ ಗುದ್ದು ಕೊಡುವುದು ನಿಮ್ಮ ಕೆಳಗಿರುವ ಹಿಂದಿನ ಚಕ್ರ. ಅದೂ ದಾಟಿದ ಮೇಲೆ ನಿಧಾನವಾಗಿ ಕೂರಿ, ಧೊಪ್ಪೆಂದು ಕುಸಿಯಬೇಡಿ. ಗುಂಡಿ ಅನಿರೀಕ್ಷಿತವಾಗಿ ಬಂದರೆ ಇಷ್ಟೆಲ್ಲಕ್ಕೆ ಸಮಯವಿರುವುದಿಲ್ಲ, ಪಾದ ಒತ್ತಿದರೂ ಅರ್ಧ ಗೆದ್ದಂತೆ. ಇದಕ್ಕಾಗಿ ಮುಂದಿನ ವಾಹನಕ್ಕೆ ಅಂಟಿಕೊಳ್ಳದೆ ದೂರ ಕಾಯ್ದುಕೊಂಡು ಓಡಿಸಿ, ರಸ್ತೆ ಕಣ್ಣಿಗೆ ಬೀಳಬೇಕು.

ಬೈಕಿನ ಹೊಂದಿಕೆಯಲ್ಲಿ ಮೊದಲ ಕೆಲಸ ಟೈರಿನ ಗಾಳಿ. ತಯಾರಕರು ಹೇಳಿದಷ್ಟು, ಟೈರ್ ತಣ್ಣಗಿರುವಾಗ ನೋಡಿ. ಹೆಚ್ಚಾದರೆ ಪ್ರತಿ ಕಲ್ಲೂ ಬೆನ್ನಿಗೆ ಗೊತ್ತಾಗುತ್ತದೆ. ಮೆತ್ತಗಾಗಲಿ ಎಂದು ಹೇಳಿದ್ದಕ್ಕಿಂತ ಇಳಿಸುವುದೂ ಅಪಾಯ.

ಎರಡನೆಯದು ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಬಿಗಿದಿಟ್ಟಿದೆ ಎನ್ನುವುದು. ಇದನ್ನು ಮುಟ್ಟದೆಯೇ ವರ್ಷಗಟ್ಟಲೆ ಓಡಿಸುವವರೇ ಹೆಚ್ಚು. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಲೆಂದು ಬಿಗಿ ಮಾಡಿಸಿ, ಆಮೇಲೆ ಒಬ್ಬರೇ ಓಡಾಡುವಾಗಲೂ ಹಾಗೇ ಬಿಟ್ಟಿರುತ್ತಾರೆ. ಅಳತೆ ಸುಲಭ: ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆ್ಯಕ್ಸಲ್‌ನಿಂದ (ಚಕ್ರದ ನಡುವಿನ ಅಚ್ಚು) ನೇರ ಮೇಲೆ ಸೀಟಿನ ಬುಡದ ಒಂದು ಗುರುತಿನವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಚಕ್ರ ನೆಲಕ್ಕಿಳಿಸಿ, ಹೆಲ್ಮೆಟ್ ಜಾಕೆಟ್ ಸಮೇತ ಕೂತು ಎರಡೂ ಪಾದ ಫುಟ್‌ರೆಸ್ಟ್ ಮೇಲಿಡಿ. ಒಬ್ಬರು ಬೈಕ್ ಹಿಡಿದಿರಲಿ, ಇನ್ನೊಬ್ಬರು ಅದೇ ಜಾಗದಲ್ಲಿ ಮತ್ತೆ ಅಳೆಯಲಿ. ವ್ಯತ್ಯಾಸ ಹಿಂದಿನ ಚಕ್ರದ ಒಟ್ಟು ಓಡಾಟದ ಸುಮಾರು ಮೂರನೇ ಒಂದು ಭಾಗವಿರಬೇಕು. 120 ಮಿಲಿಮೀಟರ್ ಓಡಾಟವಿದ್ದರೆ 35ರಿಂದ 40. ಅದಕ್ಕಿಂತ ತೀರಾ ಕಡಿಮೆ ಬಂದರೆ ಬಿಗಿ ಹೆಚ್ಚಾಗಿದೆ, ಒಂದೊಂದೇ ಮೆಟ್ಟಿಲು ಸಡಿಲಿಸಿ. ತೀರಾ ಹೆಚ್ಚು ಬಂದರೆ ಗುಂಡಿಯಲ್ಲಿ ಶಾಕ್ ತಳಮುಟ್ಟಿ ಗುದ್ದುತ್ತದೆ, ಬಿಗಿ ಮಾಡಿ. ಎಷ್ಟು ತಿರುಗಿಸಿದರೂ ಅಳತೆ ಸಿಗದಿದ್ದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಸೇರಿದ್ದಲ್ಲ, ಬದಲಾಯಿಸಬೇಕು. ಎಣ್ಣೆ ಸೋರಿದ ಹಳೆಯ ಶಾಕ್‌ಗೆ ಯಾವ ಹೊಂದಿಕೆಯೂ ಉಪಯೋಗವಿಲ್ಲ.

ಸೀಟಿನ ವಿಷಯದಲ್ಲಿ ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಿಡಿ. ಮೆತ್ತನೆಯ ಫೋಮ್ ಹತ್ತು ನಿಮಿಷದಲ್ಲಿ ಪೂರ್ತಿ ಅಮುಕಿಹೋಗಿ ನೀವು ಸೀಟಿನ ತಟ್ಟೆಯ ಮೇಲೇ ಕೂತಿರುತ್ತೀರಿ. ಆಮೇಲಿನ ಪ್ರತಿ ಗುದ್ದೂ ನೇರ. ಅದರೊಳಗೆ ಹೂತುಹೋದ ಪೆಲ್ವಿಸ್ ಸುಲಭವಾಗಿ ಹಿಂದಕ್ಕೆ ಉರುಳುತ್ತದೆ. ಬೇಕಾದ್ದು ಗಟ್ಟಿ ಫೋಮ್, ಕೂರುವ ಎರಡು ಮೂಳೆಗಳಿಗೂ ಆಧಾರ ಸಿಗುವಷ್ಟು ಅಗಲ, ಮತ್ತು ಸಮತಟ್ಟು. ಟ್ಯಾಂಕಿನ ಕಡೆಗೆ ಇಳಿಜಾರಾದ ಸೀಟು ನಿಮ್ಮನ್ನು ಮುಂದೆ ಜಾರಿಸುತ್ತಲೇ ಇರುತ್ತದೆ, ಅದನ್ನು ತಡೆಯಲು ಬೆನ್ನು ಗೂನಾಗುತ್ತದೆ. ಒಳ್ಳೆಯ ಸೀಟು ಕೆಲಸದವರು ಫೋಮ್ ಬದಲಿಸಿ ಇದನ್ನು ಸರಿಮಾಡಬಲ್ಲರು. ಹ್ಯಾಂಡಲ್ ಕೈಗೆ ಎಟುಕದೆ ಬೆನ್ನು ಚಾಚಬೇಕಾಗುತ್ತಿದ್ದರೆ ಅದನ್ನು 20–30 ಮಿಲಿಮೀಟರ್ ಎತ್ತರಿಸುವ ರೈಸರ್ ಸಿಗುತ್ತವೆ. ಹಾಕಿಸಿದ ಮೇಲೆ ಹ್ಯಾಂಡಲನ್ನು ಎರಡೂ ತುದಿಯವರೆಗೆ ತಿರುಗಿಸಿ ಬ್ರೇಕ್ ಹೋಸ್, ಕ್ಲಚ್ ಮತ್ತು ಆ್ಯಕ್ಸಿಲರೇಟರ್ ಕೇಬಲ್ ಬಿಗಿಯುತ್ತಿಲ್ಲವೇ ನೋಡದೆ ರಸ್ತೆಗಿಳಿಯಬೇಡಿ.

ಬೆಲ್ಟ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ನೋವು ಕೆರಳಿದ ವಾರದಲ್ಲೋ ಕೆಟ್ಟ ರಸ್ತೆಯ ಒಂದು ತುಣುಕಿಗೋ ಕಟ್ಟಿಕೊಳ್ಳಿ. ಸೊಂಟಕ್ಕೆ ಅದು ನೆನಪು ಕೊಡುತ್ತದೆ, ಧೈರ್ಯ ಕೊಡುತ್ತದೆ, ಬಾಗುವುದನ್ನು ಸ್ವಲ್ಪ ತಡೆಯುತ್ತದೆ. ದಿನವಿಡೀ, ತಿಂಗಳುಗಟ್ಟಲೆ ಅದನ್ನೇ ನೆಚ್ಚಿಕೊಳ್ಳುವುದು ಬೇಡ. ಜಾಕೆಟ್ಟಿನೊಳಗಿನ ಬ್ಯಾಕ್ ಪ್ರೊಟೆಕ್ಟರ್ ಬಿದ್ದಾಗಿನ ಪೆಟ್ಟಿಗೆ ಇರುವಂಥದ್ದು, ಅದನ್ನು ಖಂಡಿತ ಹಾಕಿಕೊಳ್ಳಿ, ಆದರೆ ನೋವಿಗೆ ಚಿಕಿತ್ಸೆಯೆಂದು ಎಣಿಸಬೇಡಿ. ಬೆನ್ನಿಗೆ ಬ್ಯಾಗ್ ನೇತುಹಾಕಿ ಓಡಿಸುವುದನ್ನು ನಿಲ್ಲಿಸಿ: ಲ್ಯಾಪ್‌ಟಾಪಿನ ಐದು ಕಿಲೋ ಪ್ರತಿ ಗುಂಡಿಯಲ್ಲೂ ನಿಮ್ಮ ಸೊಂಟದ ಮೇಲೇ ಬೀಳುತ್ತದೆ. ಅದನ್ನು ಬೈಕ್ ಹೊರಲಿ. ಹಿಂದಿನ ಜೇಬಿನ ದಪ್ಪ ಪರ್ಸ್ ಕೂಡ ಹೊರಗೆ ಬರಲಿ, ಅದು ಪೆಲ್ವಿಸನ್ನು ಒಂದು ಕಡೆ ಎತ್ತುತ್ತದೆ.

ಹೊತ್ತಿನ ಲೆಕ್ಕ ಇನ್ನೊಂದು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಿರುವುದು ಅದರಿಂದಲೇ, ಅದರಲ್ಲಿ ಅರ್ಧದಷ್ಟು ಎದ್ದ ಮೊದಲ ಗಂಟೆಯಲ್ಲೇ ಇಳಿದುಹೋಗುತ್ತದೆ. ಆ ಒಂದು ಗಂಟೆ ಬಾಗಿದ ಬೆನ್ನಿಗೆ ಬೀಳುವ ಒತ್ತಡ ಹೆಚ್ಚು. ನಸುಕಿಗೆ ಹೊರಡುವ ಆಸೆಯಿದ್ದರೆ ಇನ್ನೂ ಮುಂಚೆ ಎದ್ದು ಅತ್ತಿತ್ತ ಓಡಾಡಿ, ಆಮೇಲೆ ಹೊರಡಿ. ಸವಾರಿಯಲ್ಲಿ ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಬರುವ ಮೊದಲೇ ನಿಲ್ಲಿಸಬೇಕು. ನಿಮಗೆ ಅರ್ಧ ಗಂಟೆಗೆ ಹಿಡಿಯುತ್ತದೆ ಎಂದರೆ ಸದ್ಯಕ್ಕೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಳಿಯಿರಿ. ಇಳಿದು ಬೈಕಿಗೆ ಒರಗಿ ಫೋನ್ ನೋಡುತ್ತ ನಿಂತರೆ ಪ್ರಯೋಜನವಿಲ್ಲ. ಎರಡು ನಿಮಿಷ ನಡೆಯಿರಿ, ಕೈಗಳನ್ನು ಸೊಂಟದ ಮೇಲಿಟ್ಟು ಐದಾರು ಸಲ ಹಿಂದಕ್ಕೆ ಬಾಗಿ. ಓಡುತ್ತಿರುವಾಗಲೂ, ನೇರ ಖಾಲಿ ರಸ್ತೆಯಲ್ಲಿ, ಕೂರುವ ಜಾಗವನ್ನು ಇಂಚು ಹಿಂದೆ ಮುಂದೆ ಬದಲಿಸುತ್ತಿರಿ.

ದೂರದ ಸವಾರಿ ಮುಗಿಸಿ ಇಳಿದ ಕೂಡಲೇ ಭಾರ ಎತ್ತಬೇಡಿ. ಹೊತ್ತುಗಟ್ಟಲೆ ಎಳೆದಿಟ್ಟ ಅಸ್ಥಿರಜ್ಜುಗಳು ಮತ್ತೆ ಬಿಗಿಯಾಗಲು ಸಮಯ ಬೇಕು, ಅಲ್ಲಿಯವರೆಗೆ ಬೆನ್ನು ಕಾವಲಿಲ್ಲದ ಸ್ಥಿತಿಯಲ್ಲಿರುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕುವುದು ತೋಳಿನ ಕೆಲಸವಲ್ಲ: ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿದ್ದು ಖಚಿತಪಡಿಸಿಕೊಂಡು ದೇಹದ ಪೂರ್ತಿ ಭಾರವನ್ನು ಬಲಗಾಲಿನಿಂದ ಅದರ ಪೆಡಲ್ ಮೇಲೆ ಹಾಕಿ, ಬೆನ್ನು ನೆಟ್ಟಗಿರಲಿ, ಕೈ ದಿಕ್ಕು ತೋರಿಸಿದರೆ ಸಾಕು. ಬಿದ್ದ ಬೈಕನ್ನು ಒಬ್ಬರೇ ಎತ್ತಬೇಡಿ, ಯಾರನ್ನಾದರೂ ಕರೆಯಿರಿ.

ಮಾತ್ರೆಗಳ ಬಗ್ಗೆ ಎಚ್ಚರ. ಸ್ನಾಯು ಸಡಿಲಿಸುವ ಮಾತ್ರೆ, ನರನೋವಿಗೆ ಕೊಡುವ ಪ್ರೆಗಬಾಲಿನ್, ಗ್ಯಾಬಪೆಂಟಿನ್, ನೋವಿಗೆ ಕೊಡುವ ಟ್ರಮಡಾಲ್ ಇವೆಲ್ಲ ಮಂಪರು ತರಬಲ್ಲವು. ಹೊಸದಾಗಿ ಶುರುಮಾಡಿದಾಗ, ಪ್ರಮಾಣ ಹೆಚ್ಚಿಸಿದಾಗ ಬೈಕ್ ಮುಟ್ಟಬೇಡಿ. ಬರೆದುಕೊಟ್ಟ ವೈದ್ಯರಿಗೆ ನೀವು ದ್ವಿಚಕ್ರ ಸವಾರರೆಂದು ಹೇಳಿ. ಬರೀ ನೋವು ಮರೆಸುವ ಮಾತ್ರೆ ನುಂಗಿ ದೂರ ಹೊರಡುವುದೂ ಬೇಡ, ನಿಲ್ಲಿಸು ಎನ್ನುವ ಸೂಚನೆಯೇ ಆಗ ಕೇಳಿಸುವುದಿಲ್ಲ.

ವ್ಯಾಯಾಮ ದಿನಕ್ಕೆ ಕಾಲು ಗಂಟೆ ಸಾಕು, ತಪ್ಪದೆ ಮಾಡಬೇಕು ಅಷ್ಟೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿನ ಯಂತ್ರಶಾಸ್ತ್ರವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮಗಳು ಸವಾರರಿಗೆ ಚೆನ್ನಾಗಿ ಒಪ್ಪುತ್ತವೆ: ಅಂಗಾತ ಮಲಗಿ ಸೊಂಟದ ಬಾಗು ಹಾಗೇ ಉಳಿಸಿಕೊಂಡು ತಲೆ ಭುಜ ಮಾತ್ರ ಸ್ವಲ್ಪ ಎತ್ತುವುದು, ಪಕ್ಕಕ್ಕೆ ಮಲಗಿ ಮೊಣಕೈ ಊರಿ ದೇಹ ಎತ್ತಿ ಹಿಡಿಯುವುದು, ಅಂಬೆಗಾಲಿನಲ್ಲಿ ನಿಂತು ಒಂದು ಬದಿಯ ಕೈ, ಇನ್ನೊಂದು ಬದಿಯ ಕಾಲು ಚಾಚುವುದು. ಪ್ರತಿಯೊಂದರಲ್ಲೂ ಎಂಟು ಹತ್ತು ಸೆಕೆಂಡ್ ಹಿಡಿದು ಬಿಡಿ. ಇದಕ್ಕೆ ಜೊತೆಯಾಗಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಸೇರಿಸಿ, ಹಂಪಿನ ಮೇಲೆ ಏಳಲು ಬೇಕಾದ ತೊಡೆ ತಯಾರಾಗುತ್ತದೆ. ಒಬ್ಬ ಫಿಸಿಯೋಥೆರಪಿಸ್ಟ್ ಎದುರು ಒಮ್ಮೆ ಮಾಡಿ ತೋರಿಸಿ ಸರಿಪಡಿಸಿಕೊಂಡರೆ ಒಳ್ಳೆಯದು.

ಕ್ರೂಸರನ್ನು ಇವತ್ತೇ ಮಾರಬೇಡಿ. ಕುಶನ್ ತೆಗೆಯಿರಿ, ಪ್ರೀಲೋಡ್ ಅಳೆಯಿರಿ, ನಿಮ್ಮ ಮಾಡೆಲ್‌ಗೆ ಫುಟ್‌ರೆಸ್ಟ್ ಹಿಂದಕ್ಕೆ ತರುವ ಕಿಟ್ ಇದ್ದರೆ ಹಾಕಿಸಿ. ನುಣುಪಾದ ರಸ್ತೆಯಲ್ಲಿ ಹದಿನೈದು ನಿಮಿಷದಿಂದ ಶುರುಮಾಡಿ. ಸವಾರಿಯ ನಂತರದ ನೋವು ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ವಾರಕ್ಕೆ ಐದು ನಿಮಿಷ ಹೆಚ್ಚಿಸಿ. ಇಳಿಯದಿದ್ದರೆ ಒಂದು ಹೆಜ್ಜೆ ಹಿಂದೆ ಬನ್ನಿ. ನೋವು ಸೊಂಟದ ನಡುಭಾಗದಲ್ಲೇ ಇರುವುದು ಅಷ್ಟು ಕೆಟ್ಟದ್ದಲ್ಲ. ಪೃಷ್ಠ, ತೊಡೆ, ಮೀನಖಂಡ ಎಂದು ಕೆಳಗಿಳಿಯುತ್ತ ಹೋದರೆ ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಿ.

ಆರೆಂಟು ವಾರ ಹೀಗೆ ಮಾಡಿಯೂ ಇಪ್ಪತ್ತು ನಿಮಿಷ ದಾಟಲಾಗದಿದ್ದರೆ ಆಗ ಬೈಕ್ ಬದಲಿಸಿ, ಸವಾರಿ ಬಿಡಬೇಡಿ. ಹೊಸದನ್ನು ನೋಡಲು ಹೋದಾಗ ಸ್ಟ್ಯಾಂಡ್ ಮೇಲಿಟ್ಟ ಬೈಕಿನಲ್ಲಿ ಪಾದ ಫುಟ್‌ರೆಸ್ಟ್ ಮೇಲಿಟ್ಟು, ಕೈಯಿಂದ ಹ್ಯಾಂಡಲ್ ಎಳೆಯದೆ ಸೀಟಿನಿಂದ ಏಳಲು ಪ್ರಯತ್ನಿಸಿ. ಎದ್ದು ಬಂದರೆ ಅದು ನೋಡಬಹುದಾದ ಬೈಕ್. ಏಳಲಾಗದಿದ್ದರೆ, ಸೀಟು ಎಷ್ಟೇ ಹಿತವೆನಿಸಿದರೂ ಬೇಡ. ಎದ್ದು ಬಂದದ್ದನ್ನು ಕೊಳ್ಳುವ ಮೊದಲು, ನಿಮ್ಮ ದಿನನಿತ್ಯದ ರಸ್ತೆಯಂಥ ರಸ್ತೆಯಲ್ಲೇ ಅರ್ಧ ಗಂಟೆ ಓಡಿಸಲು ಕೇಳಿ. ಮರುದಿನ ಬೆಳಿಗ್ಗೆ ಸೊಂಟ ಹೇಗಿದೆ ನೋಡಿಕೊಂಡು ಹಣ ಕಟ್ಟಿ.